ಕಾಲಂ ಏಳು

ಇಳಕಲ್ಲಿನ ನೇಕಾರರ ಸಂಘದ ಮಾಳಿಗೆಯ ಮೇಲೆ
ಫ್ಯಾನಿಲ್ಲದ ಕೋಣೆ. ಒಂದು ಟೇಬಲ್ಲು, ನಾನು,
ಭೌಗೋಳಿಕ ಗುರುತಿನ ಬಳಕೆದಾರರ ಅರ್ಜಿ ನೂರಾ ನಲವತ್ತು.
ಕೆಳಗೆ ಗ್ರಾನೈಟ್ ಲಾರಿ ಹಾದಾಗೆಲ್ಲ
ಅಕ್ಷರಗಳ ಮೇಲೆ ಕೆಂಪು ಧೂಳು ಕೂರುತ್ತದೆ.
ಊದಿ, ಮುಂದಿನ ಹೆಸರು ಕರೆಯುತ್ತೇನೆ.

ಹಂಪವ್ವ ಸಪ್ಪರದ. ವಯಸ್ಸು?
"ಬರಕೋರಿ, ಅರವತ್ತೆರಡೋ ಮೂರೋ."
ಕಸುಬು? ಅವಳು ಕೈ ಚಾಚಿದಳು.
ಹೆಬ್ಬೆಟ್ಟು ಒತ್ತಲಿಕ್ಕೆಂದು ನಾನು ಶಾಯಿ ಡಬ್ಬಿ ತೆಗೆದೆ.
ಅದಕ್ಕಲ್ಲವಂತೆ. ತೋರಿಸುತ್ತಿದ್ದಳು:
ಬೆರಳಿನ ಗೆರೆಯೆಲ್ಲ ಸವೆದು ನುಣ್ಣಗೆ,
ಒಡಲಿನ ಹತ್ತಿಗೆ ಸೆರಗಿನ ರೇಶ್ಮೆ
ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕಿ ಹಾಕಿ.
ರೇಷನ್ ಅಂಗಡಿಯ ಯಂತ್ರ
ಮೂರು ಸಲ ಅವಳನ್ನು ಅವಳಲ್ಲ ಎಂದಿದೆ.

ಮಗ್ಗದ ಮಾಲೀಕರು? ಗಂಡನ ಹೆಸರು.
ಕಾಲಂ ಏಳು: ಉತ್ಪನ್ನದ ವಿಶಿಷ್ಟ ಲಕ್ಷಣ.
ಎಲ್ಲರಿಗೂ ಬರೆಯುವುದನ್ನೇ ಬರೆಯತೊಡಗಿದೆ:
ಕುಣಿ ಮಗ್ಗ, ತೋಪು ತೆನಿ ಸೆರಗು, ಚಿಕ್ಕಿ ಪರಾಸ್ ದಡಿ...
"ತಡೀರಿ" ಅಂದಳು. ಚೀಲದಿಂದ ಎರಡು ಸೀರೆ ತೆಗೆದಳು.
ಒಂದು ಅವಳದು. ಇನ್ನೊಂದು
ಬಾಗಲಕೋಟೆ ಬಸ್‌ಸ್ಟ್ಯಾಂಡ್ ಎದುರು ಆರುನೂರಕ್ಕೆ ಕೊಂಡದ್ದು,
ಯಾವುದೋ ದೂರದೂರಿನ ಮಷಿನ್ ಮಾಲು,
"ಅಸಲಿ ಇಳಕಲ್" ಎಂದು ಬಂಗಾರ ಬಣ್ಣದ ಚೀಟಿ.

ಎರಡರ ಸೆರಗನ್ನೂ ಟೇಬಲ್ ತುಂಬ ಹಾಸಿ
"ತೆನಿ ಎಣಸ್ರಿ" ಅಂದಳು.
ಬಲದಿಂದ ಒಂಬತ್ತನೆಯ ತೆನೆಯ
ತುದಿಗೆ ಒಂದು ಕಾಳಿಲ್ಲ.
ಅದರಲ್ಲೂ ಇಲ್ಲ. ಇದರಲ್ಲೂ ಇಲ್ಲ.

"ಅವತ್ತ ಒಳಗ ನಮ್ಮ ನೆಗೆಣ್ಣಿ ಬ್ಯಾನಿ ತಿನ್ನಾಕತ್ತಿದ್ಲು.
ಕೂಗಿದ್ಲು. ಲಾಳಿ ಬಿಟ್ಟು ಓಡಿದೆ.
ತಿರುಗಿ ಕುಣಿಯೊಳಗ ಇಳಿಯೂದ್ರಾಗ ಹದಿಮೂರು ದಿನಾ ಆಗಿತ್ತು,
ಎಣಿಕಿ ತಪ್ಪಿತ್ತು.
ಕೂಸು ಉಳಿದಿತ್ತು. ಅಕಿ ಇರಲಿಲ್ಲ.
ಆ ಕೂಸು ಮಾತು ಕಲಿತ ಮ್ಯಾಲೆ ಸೆರಗಿನ ಮ್ಯಾಲೆ ಬಟ್ಟು ಇಟ್ಟು
ದೊಡ್ಡವ್ವಾ, ಇಲ್ಲೀ ಕಾಳು ಎಲ್ಲಿ ಹೋತು, ಅಂತು.
ಗುಬ್ಬಿ ತಿಂತು ಅಂದೆ.
ಅಲ್ಲಿಂದ ಯಾವ ಸೀರಿಗೂ ಆ ಕಾಳು ಹಾಕಿಲ್ಲರಿ.
ಮೂವತ್ತೊಂದು ವರ್ಷ. ಗುಬ್ಬಿದು ಗುಬ್ಬಿಗೆ."
ಆಮೇಲೆ ಮಷಿನ್ ಸೀರೆಯ ಆ ಬೋಳು ತುದಿಯನ್ನು ಸವರುತ್ತ,
"ಕರೆಂಟಿನ ಮಗ್ಗಕ್ಕ ಯಾ ಗುಬ್ಬಿ ಬಂದಿತ್ತರಿ?"

ನಾನು ಕಾಯಿದೆ ಹೇಳಿದೆ. ಅದು ನನ್ನ ಕಸುಬು.
ಈ ಹಕ್ಕು ಒಬ್ಬರದಲ್ಲವ್ವ, ಊರಿನದು.
ಊರಿನ ಹೆಸರು ಕದ್ದರೆ ಕೇಳಬಹುದು,
ತಪ್ಪು ಕದ್ದರೆ ಕೇಳುವುದಕ್ಕೆ ಇದರಲ್ಲಿ ಜಾಗವಿಲ್ಲ.
"ಊರಿಂದು ಊರಿಗಿರ್ಲಿ, ಬ್ಯಾಡಂದೋರ್ಯಾರು?
ನಮ್ಮತ್ತಿ ನನಗ ಕಲಿಸಿದ್ಲು, ಅಕಿಗೆ ಇನ್ಯಾರೋ.
ತೆನಿ ಎಲ್ಲಾರದು. ಆ ಕಾಳಿಲ್ಲದ್ದು ನಂದು.
ಅಷ್ಟ ಬರೀರಿ."

ದೋಷ, ಎಂದು ಬರೆದೆ. ಓದಿಸಿ ಹೊಡೆಸಿದಳು.
ಲೋಪ. ಅದನ್ನೂ ಹೊಡೆಸಿದಳು.
ಗುರುತು? ತುಸು ಹೊತ್ತು ಸುಮ್ಮನಿದ್ದು
"ಗುರುತು ಹಿಡಿಯೂದು ಪೊಲೀಸ್ರ ಕೆಲ್ಸ" ಅಂದಳು.
ನೂಲಿಗೆ ಗಂಜಿ ಹಾಕುವ ಹೊತ್ತಾಯಿತೆಂದು
ತನ್ನ ಸೀರೆ ಮಡಚಿಕೊಂಡು ಹೊರಟೇಹೋದಳು,
ಮಷಿನ್ನಿನದನ್ನು ನನ್ನ ಮುಂದೆ ಬಿಟ್ಟು.
ಸಾಕ್ಷಿಗಿರಲಿ ಅಂತ.

ಕಾಲಂ ಏಳು ಖಾಲಿ. ನಾಳೆ ಕೊನೆಯ ದಿನ.

ರಾತ್ರಿ ಟ್ರಂಕಿನ ತಳದಿಂದ
ಹೆಂಡತಿಯ ಮದುವೆ ಸೀರೆ ಎಳೆದು
ಟ್ಯೂಬಿನ ಬೆಳಕಿಗೆ ಸೆರಗು ಹಿಡಿದೆ.
ಬಲದಿಂದ ಒಂದು, ಎರಡು...
ಏಳಕ್ಕೆ ಬಂದಾಗ ಮಗಳು ಕೂಗಿದಳು, ನೀರು ಬೇಕಂತೆ.
ಕೊಟ್ಟು ಬಂದು ಕೂತರೆ ಎಲ್ಲಿದ್ದೆನೋ ತಿಳಿಯಲಿಲ್ಲ.
"ಅಷ್ಟೊತ್ತಿಂದ ಏನ್ ಹುಡುಕಾಕತ್ತೀರಿ ಅದರಾಗ?"
ಏನಿಲ್ಲ ಅಂದೆ,
ಮತ್ತೆ ಬಲದ ಅಂಚಿಗೆ ಬೆರಳಿಟ್ಟೆ.